‘ಕಂಟ್ರೋಲ್‌ನಲ್ಲಿದೆ’ ಎಂಬ ಮಾತು



ಒಂದು ದಿನದಲ್ಲಿ ನಿಮ್ಮ ಮನೆಯೊಳಗೆ ‘ಕಂಟ್ರೋಲ್’ ಎಂಬ ಇಂಗ್ಲಿಷ್ ಪದ ಎಷ್ಟು ಸಲ ಕೇಳಿಬರುತ್ತದೆಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಬೆಳಿಗ್ಗೆ ಅಜ್ಜಿಯ ಬಿ.ಪಿ. ಕಂಟ್ರೋಲ್‌ನಲ್ಲಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮನೆಯ ಖರ್ಚು ಕಂಟ್ರೋಲ್ ತಪ್ಪಿರುತ್ತದೆ. ರಾತ್ರಿ ಊಟಕ್ಕೆ ಕುಳಿತಾಗ, ಪಕ್ಕದ ಬೀದಿಯ ಹುಡುಗ ಕಾಲೇಜು ಸೇರಿದ ಮೇಲೆ ತಂದೆತಾಯಿಯ ಕಂಟ್ರೋಲ್ ಮೀರಿದ ಸುದ್ದಿ ಬರುತ್ತದೆ. ಇಂಗ್ಲಿಷಿನ ಒಂದಕ್ಷರ ಓದಲಾರದ ಹಿರಿಯರ ಬಾಯಲ್ಲೂ ಈ ಪದ ಸಲೀಸಾಗಿ ಹೊರಳುತ್ತದೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನು ‘ಕಂಟ್ರೋಲ್ ಅಕ್ಕಿ’ ಎಂದೇ ಕರೆಯುತ್ತಿದ್ದ ಹಳಬರನ್ನು ನಾನು ಕಂಡಿದ್ದೇನೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ದವಸಧಾನ್ಯ, ಬಟ್ಟೆ, ಸೀಮೆಎಣ್ಣೆಗಳ ಮೇಲೆ ಸರ್ಕಾರ ನಿರ್ಬಂಧ ಹೇರಿದಾಗ ಹಳ್ಳಿಹಳ್ಳಿಗೆ ಹೊಕ್ಕ ಪದ ಅದು. ಯುದ್ಧ ಮುಗಿಯಿತು, ಪದ ಉಳಿಯಿತು.

ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಪದಗಳ ಹಿಂದೆ ಬೀಳುವುದು ಆ ವೃತ್ತಿ ಅಂಟಿಸಿದ ಚಟ. ನಿವೃತ್ತಿಯ ಬಳಿಕವೂ ಅದು ಬಿಟ್ಟಿಲ್ಲ. ಈ ಪದದ ಬೆನ್ನು ಹತ್ತಿದಾಗ ಮಾತ್ರ ನಾನು ನಿರೀಕ್ಷಿಸದ ಕಡೆಗೆ ಹೋಗಿ ತಲಪಿದೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನ್ನಿಸಿತು.

ಮೊದಲು ಅದರ ಬಳಕೆಯನ್ನು ನೋಡೋಣ. ಇಂಗ್ಲಿಷಿನಲ್ಲಿ ‘ಇನ್ ಕಂಟ್ರೋಲ್’ ಎಂಬುದೊಂದು, ‘ಅಂಡರ್ ಕಂಟ್ರೋಲ್’ ಎಂಬುದು ಇನ್ನೊಂದು. ಚಾರ್ಮಾಡಿ ಘಾಟಿಯನ್ನಿಳಿಯುವ ಬಸ್ಸನ್ನು ನೆನೆಸಿಕೊಳ್ಳಿ. ಚಕ್ರ ಹಿಡಿದ ಚಾಲಕ ‘ಇನ್ ಕಂಟ್ರೋಲ್’, ಅವನು ಹಿಡಿದ ಬಸ್ಸು ‘ಅಂಡರ್ ಕಂಟ್ರೋಲ್’. ಒಬ್ಬನು ಹಿಡಿಯುವವನು, ಇನ್ನೊಂದು ಹಿಡಿಸಿಕೊಳ್ಳುವುದು. ಈ ಎರಡು ಪುಟ್ಟ ಉಪಪದಗಳು ಆಳುವವನನ್ನೂ ಆಳಿಸಿಕೊಳ್ಳುವವನನ್ನೂ ಬೇರೆಬೇರೆಯಾಗಿ ನಿಲ್ಲಿಸುತ್ತವೆ. ನಾವು ಕನ್ನಡದಲ್ಲಿ ಎರಡಕ್ಕೂ ‘ನಲ್ಲಿ’ ಎಂಬ ಒಂದೇ ಪ್ರತ್ಯಯವನ್ನು ಹಚ್ಚಿ ‘ಕಂಟ್ರೋಲ್‌ನಲ್ಲಿದೆ’ ಎಂದುಬಿಡುತ್ತೇವೆ. ಯಾರ ಕಂಟ್ರೋಲ್‌ನಲ್ಲಿ, ಯಾರು ಯಾರನ್ನು ಹಿಡಿದಿದ್ದಾರೆ ಎಂಬ ಪ್ರಶ್ನೆ ಅಲ್ಲಿಯೇ ಕರಗಿಹೋಗುತ್ತದೆ. ‘ಅಂಡರ್ ಕಂಟ್ರೋಲ್’ ಎಂದಾಗ ಇಂಗ್ಲಿಷಿನವನೂ ಹಿಡಿದವನ ಹೆಸರನ್ನು ಹೇಳಬೇಕಾಗಿಲ್ಲ. ಅಧಿಕಾರಿಗಳಿಗೆ ಈ ನುಡಿ ಅಷ್ಟು ಪ್ರಿಯವಾಗಲು ಅದೂ ಒಂದು ಕಾರಣವಿರಬೇಕು.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಬೆಂಕಿ, ಪ್ರವಾಹ, ರಕ್ತಸ್ರಾವ, ಸಾಂಕ್ರಾಮಿಕ ರೋಗ, ಸಿಟ್ಟು, ಸಾಲ - ಇವು ‘ಅಂಡರ್ ಕಂಟ್ರೋಲ್’ ಆಗಬಲ್ಲವು. ನಮ್ಮ ಸಂತೋಷ ಅಂಡರ್ ಕಂಟ್ರೋಲ್ ಇದೆ ಎಂದು ಯಾರೂ ಹೇಳುವುದಿಲ್ಲ. ಬಿಟ್ಟರೆ ಮೈಮೇಲೆ ಬರುವಂಥದ್ದಕ್ಕೆ ಮಾತ್ರ ಈ ಮಾತು ಹೊಂದುತ್ತದೆ. ಫೆಬ್ರವರಿ ತಿಂಗಳಲ್ಲಿ ಮಲೆನಾಡಿನ ಗುಡ್ಡಗಳ ಹುಲ್ಲು ಒಣಗಿ ನಿಂತಾಗ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಎಳೆಯುವುದನ್ನು ಕಂಡವರಿಗೆ ಇದು ಚೆನ್ನಾಗಿ ಗೊತ್ತು. ಕಾಳ್ಗಿಚ್ಚು ಹತೋಟಿಗೆ ಬಂತು ಎಂದರೆ ಆರಿತು ಎಂದಲ್ಲ. ಗೆರೆ ದಾಟುತ್ತಿಲ್ಲ ಎಂದಷ್ಟೇ. ಒಳಗೆ ಬುಡಗಳು ಇನ್ನೂ ಹೊಗೆಯಾಡುತ್ತಿರುತ್ತವೆ. ಆದುದರಿಂದ ಗೆರೆಯ ಬಳಿ ರಾತ್ರಿಯಿಡೀ ಒಬ್ಬ ಕಾವಲುಗಾರ ನಿಲ್ಲುತ್ತಾನೆ. ವೈದ್ಯರು ‘ಶುಗರ್ ಕಂಟ್ರೋಲ್‌ನಲ್ಲಿದೆ’ ಎಂದಾಗ ಅವರು ಹೇಳುವುದು ಈ ಕಾಳ್ಗಿಚ್ಚಿನ ಅರ್ಥದಲ್ಲಿ. ನಾವು ಕೇಳಿಸಿಕೊಳ್ಳುವುದು ‘ವಾಸಿಯಾಗಿದೆ’ ಎಂದು.

ಇನ್ನು ಪದದ ಮೂಲಕ್ಕೆ ಬರೋಣ. ಮಧ್ಯಯುಗದ ಲ್ಯಾಟಿನ್ ಭಾಷೆಯಲ್ಲಿ ‘ರೋತುಲುಸ್’ ಎಂದರೆ ಸಣ್ಣ ಚಕ್ರ. ಅದರಿಂದ, ಸುತ್ತಿಟ್ಟ ಚರ್ಮದ ಹಾಳೆಯ ಸುರುಳಿ. ಶಾಲೆಯಲ್ಲಿ ನಾವು ಕರೆಯುವ ‘ರೋಲ್ ನಂಬರ್’ ಇದೇ ಸುರುಳಿಯ ಸಂತತಿ. ‘ಕೋಂತ್ರಾ’ ಎಂದರೆ ಎದುರು. ಎರಡೂ ಕೂಡಿದಾಗ ‘ಎದುರು ಸುರುಳಿ’. ಲೆಕ್ಕ ಬರೆಯುವ ಗುಮಾಸ್ತನ ಬಳಿ ಒಂದು ಸುರುಳಿ, ಅದೇ ಲೆಕ್ಕದ ಇನ್ನೊಂದು ಪ್ರತಿ ಬೇರೊಬ್ಬನ ಬಳಿ. ಎರಡನ್ನೂ ಪಕ್ಕಪಕ್ಕ ಬಿಡಿಸಿಟ್ಟು ತಾಳೆ ನೋಡುವ ಕೆಲಸಕ್ಕೆ ಹಳೆಯ ಫ್ರೆಂಚಿನಲ್ಲಿ ‘ಕೋಂತ್ರರೋಲೆ’ ಎಂಬ ಕ್ರಿಯಾಪದ ಹುಟ್ಟಿತು. ಅದೇ ಸವೆದು ಸವೆದು ‘ಕಂಟ್ರೋಲ್’ ಆಯಿತು.

ಅಂದರೆ, ವಾಚಕರೇ, ಈ ಪದ ಹುಟ್ಟುವಾಗ ಅದರಲ್ಲಿ ಮುಷ್ಟಿಯಿರಲಿಲ್ಲ, ಚಾಟಿಯಿರಲಿಲ್ಲ, ಲಗಾಮಿರಲಿಲ್ಲ. ಇದ್ದದ್ದು ಎರಡು ಲೆಕ್ಕದ ಸುರುಳಿಗಳು ಮಾತ್ರ. ನಾನು ಬರೆದ ಲೆಕ್ಕದ ಇನ್ನೊಂದು ಪ್ರತಿ ನನ್ನ ಕೈಗೆಟುಕದ ಕಡೆ ಇದೆ ಎಂಬುದೇ ಅದರ ತಿರುಳು. ಫ್ರೆಂಚ್ ಭಾಷೆಯಲ್ಲಿ ಈ ಅರ್ಥ ಇಂದಿಗೂ ಜೀವಂತವಾಗಿದೆ. ಅಲ್ಲಿ ‘ಕೋಂತ್ರೋಲರ್’ ಎಂದರೆ ರೈಲಿನಲ್ಲಿ ಟಿಕೆಟ್ ಪರೀಕ್ಷಿಸುವವನು. ಶಾಲೆಯ ಕಿರುಪರೀಕ್ಷೆಗೂ ‘ಕೋಂತ್ರೋಲ್’ ಎನ್ನುತ್ತಾರೆ. ನಮ್ಮಲ್ಲಿಯೂ ಅಲ್ಲಲ್ಲಿ ಹಳೆಯ ಅರ್ಥ ಉಳಿದಿದೆ. ಸರ್ಕಾರಿ ಬಸ್ ನಿಲ್ದಾಣದ ‘ಕಂಟ್ರೋಲರ್’ ಬಸ್ಸನ್ನು ಓಡಿಸುವುದಿಲ್ಲ. ನಿರ್ವಾಹಕನು ತಂದ ಕಾಗದವನ್ನು ನೋಡಿ, ಬಂದ ಹೊತ್ತು ಹೊರಟ ಹೊತ್ತು ಬರೆದುಕೊಳ್ಳುತ್ತಾನೆ. ನಮ್ಮ ಸಂವಿಧಾನದ 148ನೇ ವಿಧಿಯ ಪ್ರಕಾರ ದೇಶದ ಲೆಕ್ಕ ತನಿಖೆ ಮಾಡುವ ‘ಕಂಪ್ಟ್ರೋಲರ್ ಆಂಡ್ ಆಡಿಟರ್ ಜನರಲ್’ ಕೂಡ ಇದೇ ಕುಲದವರು. ಆ ನಡುವಿನ ‘ಪ’ಕಾರ ಹಳೆಯ ಬರಹಗಾರರ ಒಂದು ತಪ್ಪು ತಿಳಿವಳಿಕೆಯ ಫಲ. ಲೆಕ್ಕ ಎಂಬ ಅರ್ಥದ ‘ಕೋಂಪ್ಟ್’ ಎಂಬ ಪದದಿಂದ ಇದು ಬಂದಿರಬೇಕೆಂದು ಊಹಿಸಿ ಯಾರೋ ಸೇರಿಸಿದ ಅಕ್ಷರ ಅದು. ಬರೆಯುವುದುಂಟು, ಉಚ್ಚರಿಸುವ ವಾಡಿಕೆಯಿಲ್ಲ. ನನ್ನ ವಿದ್ಯಾರ್ಥಿಗಳು ಮಾತ್ರ ಅದನ್ನು ತಪ್ಪದೆ ಉಚ್ಚರಿಸುತ್ತಿದ್ದರು! 1784ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಮೇಲೆ ಕಣ್ಣಿಡಲು ಬ್ರಿಟಿಷ್ ಸಂಸತ್ತು ನೇಮಿಸಿದ ಮಂಡಳಿಗೂ ‘ಬೋರ್ಡ್ ಆಫ್ ಕಂಟ್ರೋಲ್’ ಎಂದೇ ಹೆಸರು. 1928ರಲ್ಲಿ ಹುಟ್ಟಿದ ನಮ್ಮ ಕ್ರಿಕೆಟ್ ಮಂಡಳಿಯ ಹೆಸರಿನಲ್ಲೂ ಆ ಪದವಿದೆ. ಅಲ್ಲಿ ಅದು ಯಾವ ಅರ್ಥದಲ್ಲಿದೆಯೆಂಬುದನ್ನು ಕ್ರಿಕೆಟ್ ಪ್ರೇಮಿಗಳ ತೀರ್ಮಾನಕ್ಕೇ ಬಿಡುತ್ತೇನೆ.

ಎದುರು ಲೆಕ್ಕದ ಕಥೆಯಲ್ಲಿ ನನ್ನನ್ನು ಬಹಳವಾಗಿ ಸೆಳೆದದ್ದು ಇಂಗ್ಲೆಂಡಿನ ಖಜಾನೆಯ ಕಡ್ಡಿಗಳು. ಅಲ್ಲಿಯ ಖಜಾನೆಯ ವಾರ್ಷಿಕ ಲೆಕ್ಕದ ಸುರುಳಿಗಳಲ್ಲಿ ಈಗ ಉಳಿದಿರುವ ಅತ್ಯಂತ ಹಳೆಯದು 1129-30ರದು. ಆ ಕಾಲದಲ್ಲಿ ಓದುಬರಹ ಬಲ್ಲವರು ಎಷ್ಟು ಮಂದಿ? ಆದುದರಿಂದ ಸುರುಳಿಯ ಜೊತೆಗೆ ಮರದ ಕಡ್ಡಿಯೂ ಬೇಕಾಯಿತು. ಹಣ ಸಂದಾಯವಾದಾಗ ಒಂದು ಕಡ್ಡಿಯ ಮೇಲೆ ಅಡ್ಡಲಾಗಿ ಕಚ್ಚು ಹಾಕುತ್ತಿದ್ದರು. ಸಾವಿರ ಪೌಂಡಿಗೆ ಅಂಗೈಯಷ್ಟು ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಷ್ಟು, ಇಪ್ಪತ್ತಕ್ಕೆ ಕಿರುಬೆರಳಷ್ಟು. ಅನಂತರ ಕಡ್ಡಿಯನ್ನು ಉದ್ದಕ್ಕೆ ಸೀಳಿ ಕೊಟ್ಟವನಿಗೆ ಒಂದು ಹೋಳು, ಪಡೆದವನಿಗೆ ಒಂದು ಹೋಳು. ವಿವಾದ ಬಂದಾಗ ಎರಡೂ ಹೋಳುಗಳನ್ನು ಜೋಡಿಸಿದರೆ ಸಾಕು. ಕಚ್ಚಿಗೆ ಕಚ್ಚು, ಮರದ ಎಳೆಗೆ ಎಳೆ ಕೂಡಬೇಕು. ಒಬ್ಬನೇ ತನ್ನ ಹೋಳಿನ ಮೇಲೆ ಇನ್ನೊಂದು ಕಚ್ಚು ಕೊರೆದರೆ ಮೋಸ ತಕ್ಷಣ ಬಯಲು. ಅಕ್ಷರ ಬಾರದವನಿಗೂ ಅಕ್ಷರಸ್ಥನ ಎದುರು ಇಷ್ಟು ಗಟ್ಟಿಯಾದ ಸಾಕ್ಷಿಯನ್ನು ಕೊಟ್ಟ ಏರ್ಪಾಡು ಇದು. 1826ರವರೆಗೂ ಈ ಕಡ್ಡಿಗಳು ಬಳಕೆಯಲ್ಲಿದ್ದವೆಂದರೆ ಆಶ್ಚರ್ಯವಾಗುತ್ತದೆ.

ಅವುಗಳ ಅಂತ್ಯ ಇನ್ನೂ ವಿಚಿತ್ರ. ರಾಶಿ ಬಿದ್ದಿದ್ದ ಹಳೆಯ ಕಡ್ಡಿಗಳನ್ನು 1834ರ ಅಕ್ಟೋಬರ್ 16ರಂದು ಸಂಸತ್ತಿನ ಮೇಲ್ಮನೆಯ ಕೆಳಗಿನ ಒಲೆಗಳಿಗೆ ಹಾಕಿ ಸುಡತೊಡಗಿದರು. ಮಧ್ಯಾಹ್ನ ಸಭಾಂಗಣ ನೋಡಲು ಬಂದವರಿಗೆ ಕಾಲಡಿಯ ನೆಲ ಬಿಸಿಯಾಗಿರುವುದು ತಿಳಿದಿತ್ತು. ಯಾರೂ ಅದನ್ನು ದೊಡ್ಡದಾಗಿ ಪರಿಗಣಿಸಲಿಲ್ಲ. ಸಂಜೆಯಾಗುತ್ತಿದ್ದಂತೆ ಒಲೆಯ ಕೊಳವೆಗಳು ಕಾದು ಕಟ್ಟಡಕ್ಕೆ ಬೆಂಕಿ ಹತ್ತಿ, ಆ ರಾತ್ರಿ ಸಂಸತ್ತಿನ ಎರಡೂ ಸದನಗಳು ಸುಟ್ಟುಹೋದವು. ಶತಮಾನಗಳ ಕಾಲ ಲೆಕ್ಕವನ್ನು ಕಂಟ್ರೋಲ್‌ನಲ್ಲಿಟ್ಟಿದ್ದ ಕಡ್ಡಿಗಳು ಹೀಗೆ ಕಂಟ್ರೋಲ್ ಮೀರಿ ಉರಿದವು.

ದೂರದ ದೇಶದ ಈ ಕಡ್ಡಿಗಳ ಕಥೆ ನನಗೆ ಹೊಸದೆನ್ನಿಸಲಿಲ್ಲ. ಅದಕ್ಕೆ ನನ್ನ ಬಾಲ್ಯವೇ ಕಾರಣ. ನನ್ನ ತಂದೆಯವರು ಕಾಫಿ ಎಸ್ಟೇಟೊಂದರಲ್ಲಿ ‘ರೈಟರು’ ಆಗಿದ್ದರು. ಆಳುಗಳ ಹಾಜರಿ ಮತ್ತು ಸಂಬಳದ ಲೆಕ್ಕ ಬರೆಯುವುದು ಅವರ ಕೆಲಸ. ಆ ದೊಡ್ಡ ಪುಸ್ತಕಕ್ಕೆ ‘ಚೆಕ್‌ರೋಲ್’ ಎಂದು ಹೆಸರು. ಮೇಸ್ತ್ರಿಯ ಜೇಬಿನಲ್ಲಿ ಬೇರೊಂದು ಸಣ್ಣ ಪುಸ್ತಕ; ಬೆಳಗಿನ ಹೊತ್ತು ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಅವನು ಅದರಲ್ಲಿ ಗುರುತು ಹಾಕುತ್ತಿದ್ದ. ಬಟವಾಡೆಯ ಹಿಂದಿನ ಸಂಜೆ ಇಬ್ಬರೂ ಲಾಟೀನಿನ ಬೆಳಕಿನಲ್ಲಿ ಕುಳಿತು ಎರಡು ಪುಸ್ತಕಗಳನ್ನು ತಾಳೆ ನೋಡುತ್ತಿದ್ದರು. ತಂದೆಯವರು ಹೆಸರು ಓದುವುದು, ಮೇಸ್ತ್ರಿ ‘ಹ್ಞೂಂ’ ಎನ್ನುವುದು. ಆ ಏಕತಾನದ ದನಿ ಕೇಳುತ್ತ ನಾವು ಮಕ್ಕಳು ನಿದ್ದೆಹೋಗುತ್ತಿದ್ದೆವು. ಚೆಕ್‌ರೋಲ್ ಮತ್ತು ಕಂಟ್ರೋಲ್ ಎರಡರಲ್ಲೂ ಇರುವುದು ಅದೇ ಹಳೆಯ ‘ರೋಲ್’ ಎಂದು ತಿಳಿಯುವಷ್ಟರಲ್ಲಿ ಇಬ್ಬರೂ ತೀರಿಕೊಂಡಿದ್ದರು.

ಒಂದು ತಿಂಗಳು, ಲೈನ್ ಮನೆಯ ಒಬ್ಬ ಹೆಂಗಸು ತನ್ನ ಸಂಬಳದಲ್ಲಿ ಒಂದು ದಿನದ ಕೂಲಿ ಕಡಿಮೆಯಾಗಿದೆ ಎಂದು ಹಟ ಹಿಡಿದಳು. ಚೆಕ್‌ರೋಲಿನಲ್ಲಿ ಇಪ್ಪತ್ತೊಂದು ದಿನ, ಮೇಸ್ತ್ರಿಯ ಪುಸ್ತಕದಲ್ಲೂ ಇಪ್ಪತ್ತೊಂದು. ಎರಡೂ ಕೂಡಿದ ಮೇಲೆ ಮಾತೇನಿದೆ? ಆದರೂ ತಂದೆಯವರು ಅವಳ ಹಿಂದೆ ಹೊರಟರು. ನಾನೂ ಹೋದೆ. ಅವಳ ಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಗೆರೆಗಳಿದ್ದವು, ದಿನಕ್ಕೊಂದರಂತೆ. ಭಾನುವಾರಗಳಿಗೆ ಒಂದು ಸೊನ್ನೆ. ಒಂದು ಗೆರೆ ಮಾತ್ರ ಉಳಿದವಕ್ಕಿಂತ ಗಿಡ್ಡ. ಅದು ಮಳೆ ಬಂದು ಅರ್ಧ ದಿನಕ್ಕೇ ಕೆಲಸ ನಿಂತ ದಿನ ಎಂದಳು. ಆ ದಿನದ ಮಳೆ ತಂದೆಯವರಿಗೂ ನೆನಪಿತ್ತು. ಆ ಬೆಳಿಗ್ಗೆ ಮೇಸ್ತ್ರಿ ಜ್ವರದಿಂದ ಮಲಗಿದ್ದುದರಿಂದ ಅವನ ಪುಸ್ತಕವನ್ನು ಮರುದಿನ ಚೆಕ್‌ರೋಲಿನಿಂದಲೇ ನಕಲು ಮಾಡಲಾಗಿತ್ತು. ಎರಡು ಪುಸ್ತಕಗಳು ಕೂಡಿದ್ದು ಆ ಕಾರಣಕ್ಕೆ! ನಕಲು ಮಾಡಿದ ಲೆಕ್ಕ ಎದುರು ಲೆಕ್ಕವಾಗಲಾರದು. ನಿಜವಾದ ಎದುರು ಲೆಕ್ಕ ಆ ಗೋಡೆಯ ಮೇಲಿತ್ತು. ಅವಳ ಒಂದು ದಿನ ಚೆಕ್‌ರೋಲಿಗೆ ಸೇರಿತು, ಅರ್ಧ ದಿನಕ್ಕೂ ಇಡೀ ಕೂಲಿ.

ಧರ್ಮಕೇಂದ್ರದ ಕಚೇರಿಯಲ್ಲಿಯೂ ಇಂಥದೊಂದು ಏರ್ಪಾಡಿದೆ. ಮದುವೆಗೆ ಸಿದ್ಧರಾದವರಿಂದ ಹೊಸದಾಗಿ ಬರೆಸಿದ ಜ್ಞಾನಸ್ನಾನದ ಪತ್ರವನ್ನು ಗುರುಗಳು ಕೇಳುವುದು ಏಕೆಂದು ನಿಮ್ಮಲ್ಲಿ ಅನೇಕರು ಗೊಣಗಿರಬಹುದು. ಯಾವ ಊರಿನಲ್ಲಿ ಮದುವೆಯಾದರೂ ಆ ಸಂಗತಿಯನ್ನು ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಿ, ಅಲ್ಲಿಯ ಪುಸ್ತಕದಲ್ಲಿ ಆ ಹೆಸರಿಗೆ ಸೇರಿಸಿ ದಾಖಲಿಸಬೇಕು. ಧರ್ಮಸಭೆಯ 1983ರ ಕಾನೂನು ಸಂಹಿತೆಯ 535 ಮತ್ತು 1122ನೇ ನಿಯಮಗಳು ಹೀಗೆ ವಿಧಿಸುತ್ತವೆ. ಆದುದರಿಂದ ಒಬ್ಬ ವರನು ಮುಂಬಯಿಯಲ್ಲಿ ಏನೇ ಹೇಳಿಕೊಳ್ಳಲಿ, ಅವನ ಇನ್ನೊಂದು ಲೆಕ್ಕ ಊರಿನ ಹಳೆಯ ಕಪಾಟಿನಲ್ಲಿರುತ್ತದೆ. ಎಷ್ಟು ಹೆಣ್ಣುಮಕ್ಕಳ ಬಾಳನ್ನು ಆ ಒಂದು ಸಾಲು ಕಾಪಾಡಿದೆಯೋ!

ಹೀಗೆ ಲೆಕ್ಕವನ್ನು ತಾಳೆ ನೋಡುವುದಾಗಿದ್ದ ಪದ ಮುಷ್ಟಿ ಬಿಗಿಯುವುದಾಗಿ ಮಾರ್ಪಟ್ಟದ್ದು ಹೇಗೆ? ಪರೀಕ್ಷಿಸುವ ಅಧಿಕಾರವುಳ್ಳವನು ಮೆಲ್ಲಮೆಲ್ಲನೆ ಆಜ್ಞಾಪಿಸುವವನಾಗುತ್ತಾನೆ. ಅದು ಮನುಷ್ಯಸ್ವಭಾವ. ಆದರೆ ಕನ್ನಡಕ್ಕೆ ಬರುವಾಗ ಈ ಪದ ತನ್ನ ಲೆಕ್ಕದ ಪುಸ್ತಕವನ್ನು ಹಡಗಿನಲ್ಲಿಯೇ ಮರೆತುಬಂತು. ನಮಗೆ ಸಿಕ್ಕಿದ್ದು ಮುಷ್ಟಿ ಮಾತ್ರ.

ಇದಕ್ಕೆ ಮೊದಲೇ ನಮ್ಮಲ್ಲಿ ಎಂಥೆಂಥ ಪದಗಳಿದ್ದವು, ನೋಡಿ. ‘ಹತೋಟಿ’ಯ ಒಡಹುಟ್ಟಾದ ಮರಾಠಿಯ ‘ಹಾತೋಟಿ’ಗೆ ಕೈಚಳಕ, ಕುಶಲತೆ ಎಂಬ ಅರ್ಥವಿದೆ. ಕುಂಬಾರನ ಕೈಯಲ್ಲಿ ಮಣ್ಣು ಇರುವಂಥ ಹತೋಟಿ ಅದು, ಹಿಸುಕಿದರೆ ಮಡಕೆಯಾಗದು. ‘ಅಂಕೆ’ ಎಂದರೆ ನಿಗ್ರಹವೂ ಹೌದು, ಲೆಕ್ಕದ ಸಂಖ್ಯೆಯೂ ಹೌದು. ಅಂಕೆಯಿಲ್ಲದ ಕಪಿ ಲಂಕೆ ಸುಟ್ಟ ಗಾದೆಯನ್ನು ಕೇಳುವಾಗಲೆಲ್ಲ ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂಡಿರುವುದು ನನಗೆ ಸೊಗಸಾಗಿ ಕಾಣುತ್ತದೆ. ‘ಸ್ವಾಧೀನ’ವೆಂದರೆ ತನಗೆ ತಾನೇ ಅಧೀನ. ಬುದ್ಧಿ ಸ್ವಾಧೀನದಲ್ಲಿಲ್ಲ ಎನ್ನುವಾಗ ನಾವು ಯಾರದೋ ಹಿಡಿತವನ್ನು ಕುರಿತು ಹೇಳುವುದಿಲ್ಲ. ನಿಯಮ, ಸಂಯಮ, ನಿಯಂತ್ರಣ, ಯಂತ್ರ - ನಾಲ್ಕೂ ಒಂದೇ ಧಾತುವಿನ ಮಕ್ಕಳು. ಆದರೂ ಸಂಯಮಕ್ಕೂ ಯಂತ್ರಕ್ಕೂ ಎಷ್ಟು ದೂರ!

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮರ ಫಲಗಳನ್ನು ಎಣಿಸುವಾಗ ಕೊನೆಯದಾಗಿ ‘ಎಂಕ್ರಾತೆಯಾ’ ಎಂಬ ಗ್ರೀಕ್ ಪದವನ್ನಿಟ್ಟಿದ್ದಾರೆ. ‘ಕ್ರಾತೋಸ್’ ಎಂದರೆ ಬಲ. ಒಳಗಿನ ಬಲವೆಂದು ಅದರ ಭಾವ. 1611ರ ಇಂಗ್ಲಿಷ್ ಭಾಷಾಂತರದಲ್ಲಿ ಅದು ‘ಟೆಂಪರೆನ್ಸ್’ ಎಂದಿತ್ತು. ಇಪ್ಪತ್ತನೆಯ ಶತಮಾನದ ಭಾಷಾಂತರಗಳಲ್ಲಿ ‘ಸೆಲ್ಫ್ ಕಂಟ್ರೋಲ್’ ಆಯಿತು. ಹಳೆಯ ಕನ್ನಡ ಸತ್ಯವೇದದವರು ಅಲ್ಲಿ ‘ಶಮೆದಮೆ’ ಎಂಬ ಜೋಡುಪದವನ್ನು ಬಳಸಿದ್ದಾರೆ. ಶಮೆಯೆಂದರೆ ಮನಸ್ಸು ತಣಿಯುವುದು, ದಮೆಯೆಂದರೆ ಇಂದ್ರಿಯಗಳನ್ನು ತಡೆಯುವುದು. ಒಳಗು ತಣಿಯದೆ ಹೊರಗನ್ನು ಮಾತ್ರ ತಡೆಹಿಡಿದವನು ಬೂದಿ ಮುಚ್ಚಿದ ಕೆಂಡ ಎಂಬುದನ್ನು ಅವರು ಬಲ್ಲವರಾಗಿದ್ದರು. ಈ ಒಂದು ಅನುವಾದಕ್ಕಾಗಿ ಆ ಹೆಸರರಿಯದ ಪಂಡಿತರಿಗೆ ನಾನು ಮನಸ್ಸಿನಲ್ಲೇ ವಂದಿಸುತ್ತೇನೆ.

ಈಗ ನಮ್ಮ ಮನೆಗಳ ಒಳಗೆ ಬರೋಣ. ‘ನಮ್ಮ ಮನೆಯಲ್ಲಿ ಎಲ್ಲರೂ ನನ್ನ ಕಂಟ್ರೋಲ್‌ನಲ್ಲಿದ್ದಾರೆ’ ಎಂದು ಹೆಮ್ಮೆಯಿಂದ ಹೇಳುವ ಯಜಮಾನರನ್ನು ನೀವು ಕಂಡಿದ್ದೀರಿ. ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿಯೇ ಕಂಡಿರಬಹುದು. ಹೆಂಡತಿಯ ಸಂಬಳದ ಕಾರ್ಡು ಅವರ ಜೇಬಿನಲ್ಲಿ, ಮಗಳ ಮೊಬೈಲಿನ ಗುಪ್ತಸಂಖ್ಯೆ ಅವರ ತಲೆಯಲ್ಲಿ. ಅವರ ಸಂಬಳ ಎಷ್ಟೆಂದು, ಸಂಜೆ ಏಳರಿಂದ ಒಂಬತ್ತರವರೆಗೆ ಎಲ್ಲಿದ್ದರೆಂದು ಕೇಳುವ ಹಕ್ಕು ಮಾತ್ರ ಆ ಮನೆಯಲ್ಲಿ ಯಾರಿಗೂ ಇಲ್ಲ. ಪದದ ಮೂಲಾರ್ಥದಲ್ಲಿ ನೋಡಿದರೆ ಆ ಮನೆಯಲ್ಲಿ ಕಂಟ್ರೋಲ್ ಎಂಬುದೇ ಇಲ್ಲ. ಇರುವುದು ಒಂದೇ ಸುರುಳಿ, ಅದೂ ಒಬ್ಬನ ಕೈಯಲ್ಲಿ.

ಮತ್ತಾಯನ ಶುಭಸಂದೇಶದ ಎಂಟನೆಯ ಅಧ್ಯಾಯದ ಆ ಶತಾಧಿಪತಿಯನ್ನು ನೆನೆಯಿರಿ. ಅವನ ಕೈಕೆಳಗೆ ಸಿಪಾಯಿಗಳಿದ್ದರು. ಹೋಗೆಂದರೆ ಹೋಗುವರು, ಬಾ ಎಂದರೆ ಬರುವರು. ಆದರೆ ಯೇಸುಸ್ವಾಮಿಯ ಮುಂದೆ ಅವನು ಮೊದಲು ಹೇಳಿಕೊಂಡದ್ದು ತನ್ನ ಅಧಿಕಾರವನ್ನಲ್ಲ. ತಾನೂ ಇನ್ನೊಬ್ಬರ ಅಧಿಕಾರಕ್ಕೆ ಒಳಪಟ್ಟವನು ಎಂಬುದನ್ನು. ‘ಅಂಡರ್’ ಎಂಬುದು ಮೊದಲು, ‘ಇನ್’ ಎಂಬುದು ಆಮೇಲೆ. ಅವನು ಬಂದದ್ದಾದರೂ ಯಾರಿಗಾಗಿ? ಹಾಸಿಗೆ ಹಿಡಿದಿದ್ದ ತನ್ನ ಸೇವಕನಿಗಾಗಿ.

ಸರ್ಕಾರಗಳ ವಿಷಯವೂ ಬೇರೆಯಲ್ಲ. ‘ಪರಿಸ್ಥಿತಿ ಹತೋಟಿಯಲ್ಲಿದೆ’ ಎಂದು ಆಕಾಶವಾಣಿ ಹೇಳಿದಾಗಲೆಲ್ಲ ನಮ್ಮ ಊರಿನ ಅಂಗಡಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ಅಣುಸ್ಥಾವರ ಸ್ಫೋಟಿಸಿದಾಗ ಸೋವಿಯತ್ ಸರ್ಕಾರ ಜಗತ್ತಿಗೆ ಏನನ್ನೂ ಹೇಳಲಿಲ್ಲ. 28ರ ಬೆಳಿಗ್ಗೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಎಂಬ ಅಣುಸ್ಥಾವರದಲ್ಲಿ ವಿಕಿರಣ ಅಳೆಯುವ ಉಪಕರಣ ಸದ್ದು ಮಾಡಿತು, ಅಲ್ಲಿಯ ಕೆಲಸಗಾರನೊಬ್ಬನ ಪಾದರಕ್ಷೆಯಿಂದ. ಆ ಸಂಜೆಯೇ ಸೋವಿಯತ್ ಸರ್ಕಾರ ನಾಲ್ಕು ಮಾತಿನ ಪ್ರಕಟಣೆ ಹೊರಡಿಸಬೇಕಾಯಿತು. ಅಷ್ಟು ದೂರದ ಒಂದು ಜೊತೆ ಪಾದರಕ್ಷೆ ಎದುರು ಲೆಕ್ಕವಾಯಿತು.

ಇಷ್ಟೆಲ್ಲವನ್ನೂ ನಾನು ಹುಡುಕಲು ತೊಡಗಿದ್ದು ಪಾಂಡಿತ್ಯಕ್ಕಾಗಿ ಅಲ್ಲ. ಅದಕ್ಕೆ ಕಾರಣ ನನ್ನ ಅಣ್ಣ.

ಅಣ್ಣನಿಗೆ ಈಗ ಎಪ್ಪತ್ತೊಂದು. ಘಾಟಿಯ ರಸ್ತೆಗಳಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವನು. ಐವತ್ತೈದರ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು. ‘ಬ್ರೇಕ್ ಹೋದ ಗಾಡಿಯನ್ನೇ ಕಂಟ್ರೋಲ್ ಮಾಡಿದವ ನಾನು, ಇದು ಯಾವ ಲೆಕ್ಕ?’ ಎಂಬುದು ಅವನ ಮಾತು. ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಪರೀಕ್ಷೆಗೆ ಎರಡು ದಿನ ಮೊದಲು ಅನ್ನ ಬಿಡುತ್ತಿದ್ದ, ಸಂಜೆಯ ಊಟವನ್ನೇ ಬಿಡುತ್ತಿದ್ದ, ಬೆಳಗ್ಗೆ ಸಂಜೆ ನಡೆಯುತ್ತಿದ್ದ. ಖಾಲಿ ಹೊಟ್ಟೆಯ ರಕ್ತದಲ್ಲಿ 118 ಎಂದು ಬರುತ್ತಿತ್ತು. ಆ ಚೀಟಿಯನ್ನು ಅತ್ತಿಗೆಯ ಮುಂದೆ ಹಿಡಿದು ‘ಕಂಟ್ರೋಲ್‌ನಲ್ಲಿದೆ’ ಎಂದುಬಿಟ್ಟರೆ ಮುಗಿಯಿತು. ಮುಂದಿನ ಪರೀಕ್ಷೆಯವರೆಗೆ ಯಾರೂ ಮಾತನಾಡುವಂತಿಲ್ಲ. ಆ ಮಾತು ಅವನಿಗೆ ಔಷಧದ ಚೀಟಿಗಿಂತ ಹೆಚ್ಚಾಗಿ ಬಾಯಿ ಮುಚ್ಚಿಸುವ ಬೀಗವಾಗಿತ್ತು.

ಐದು ವರ್ಷಗಳ ಹಿಂದೆ ಹೊಸದಾಗಿ ಬಂದ ತರುಣ ವೈದ್ಯರು ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ಎಚ್‌ಬಿಎ1ಸಿ ಎಂಬ ಆ ಪರೀಕ್ಷೆಯ ಹೆಸರು ಈಗ ನಿಮ್ಮಲ್ಲಿ ಅನೇಕರಿಗೆ ಗೊತ್ತು. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಆ ಕಣಗಳೊಳಗಿನ ಹಿಮೋಗ್ಲೋಬಿನ್ನಿಗೆ ಅದು ಹೆಚ್ಚಾಗಿ ಅಂಟುತ್ತದೆ; ಒಮ್ಮೆ ಗಟ್ಟಿಯಾಗಿ ಅಂಟಿದ್ದು ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಈ ಅಂಟು ಹೆಚ್ಚಾಗಿರುವುದನ್ನು ಇರಾನಿನ ವೈದ್ಯ ಸ್ಯಾಮ್ಯುಯೆಲ್ ರಹ್ಬಾರ್ 1968ರಲ್ಲಿ ಗುರುತಿಸಿದರು. ಎರಡು ದಿನದ ಉಪವಾಸದಿಂದ ಬೆಳಗಿನ ಸಕ್ಕರೆ ಇಳಿಯಬಹುದು, ಈ ಲೆಕ್ಕ ಇಳಿಯದು. ಎರಡು ಮೂರು ತಿಂಗಳ ಒಟ್ಟು ಕಥೆಯನ್ನು ಅದು ಬರೆದಿಟ್ಟಿರುತ್ತದೆ. ಬಹುಪಾಲು ವಯಸ್ಕರಿಗೆ ಶೇಕಡಾ 7ರ ಒಳಗಿದ್ದರೆ ಒಳ್ಳೆಯದೆನ್ನುತ್ತಾರೆ. ವಯಸ್ಸಾದವರಿಗೆ ಸ್ವಲ್ಪ ಸಡಿಲ. ಅಣ್ಣನದು 10.4 ಬಂತು. ಅಂದರೆ ದಿನದ ಸರಾಸರಿ ಸುಮಾರು 250.

‘ಇದು ಯಾರ ಲೆಕ್ಕ? ಲ್ಯಾಬಿನವರ ತಪ್ಪು’ ಎಂದು ಅಣ್ಣ ರೇಗಿದ.

‘ಲ್ಯಾಬಿನವರದ್ದಲ್ಲ ಯಜಮಾನರೇ, ನಿಮ್ಮ ರಕ್ತ ಬರೆದದ್ದು. ನೀವು ಹೇಳಿದ್ದನ್ನು ನಾನು ಇದರೊಂದಿಗೆ ತಾಳೆ ನೋಡುತ್ತೇನೆ, ಅಷ್ಟೇ’ ಎಂದರು ವೈದ್ಯರು.

ಪಕ್ಕದಲ್ಲಿದ್ದ ನನಗೆ ಚೆಕ್‌ರೋಲ್, ಲಾಟೀನು, ಮೇಸ್ತ್ರಿಯ ‘ಹ್ಞೂಂ’ ಎಲ್ಲವೂ ಒಟ್ಟಿಗೆ ನೆನಪಾದವು. ಅಣ್ಣನಿಗೆ ನೆನಪಾಯಿತೋ ಇಲ್ಲವೋ ತಿಳಿಯದು. ಅವನು ಆ ವೈದ್ಯರ ಬಳಿಗೆ ಹೋಗುವುದನ್ನೇ ನಿಲ್ಲಿಸಿದ. ಹಳೆಯ ಚೀಟಿ, ಹಳೆಯ ಉಪವಾಸ, ಹಳೆಯ ಮಾತು ಮುಂದುವರಿದವು.

ಮರುವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಮೊಮ್ಮಗಳು ‘ಅಜ್ಜ, ನೆಲದ ಮೇಲೆ ರಕ್ತ’ ಎಂದಳು. ಹಿತ್ತಿಲಿನಿಂದ ಅಡಿಗೆಮನೆಯವರೆಗೆ ಕೆಂಪು ಹೆಜ್ಜೆಗಳಿದ್ದವು. ಚಪ್ಪಲಿಯ ಅಟ್ಟೆ ತೂರಿ ಬಂದ ಮೊಳೆ ಪಾದದಲ್ಲಿ ಬೆಳಗಿನಿಂದ ಚುಚ್ಚಿಕೊಂಡೇ ಇತ್ತು, ಅವನಿಗೆ ತಿಳಿದಿರಲಿಲ್ಲ. ಹೆಚ್ಚಿದ ಸಕ್ಕರೆ ವರ್ಷಗಟ್ಟಲೆ ಪಾದದ ನರಗಳನ್ನು ಕೊಂದಿತ್ತು. ನೋವು ಕೂಡ ಒಂದು ಎದುರು ಲೆಕ್ಕವೆಂದು, ಅದು ಅಳಿಸಿಹೋದರೆ ಎಷ್ಟು ಭಯಂಕರವೆಂದು ಆ ದಿನ ನಾವೆಲ್ಲ ಕಂಡೆವು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಪಾದ ಉಳಿದದ್ದು ದೇವರ ದಯೆ, ಮತ್ತು ಸರ್ಕಾರಿ ಆಸ್ಪತ್ರೆಯ ಒಬ್ಬ ದಾದಿಯ ದಿನದಿನದ ಪಟ್ಟಿಯ ಫಲ.

ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳ ಹಾನಿ ತಗ್ಗುತ್ತದೆಂದು ಬ್ರಿಟನ್ನಿನಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನ 1998ರಲ್ಲಿಯೇ ತೋರಿಸಿಕೊಟ್ಟಿತ್ತು. ತಿಳಿವಳಿಕೆ ಇರಲಿಲ್ಲವೆಂದಲ್ಲ. ಆ ಒಂದು ಮಾತಿನ ಬೀಗವನ್ನು ತೆರೆಯುವವರಿರಲಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಅಣ್ಣನಂಥವರು ಎಷ್ಟು ಮಂದಿ ಇದ್ದಾರೆ! ಸಕ್ಕರೆಯ ಜಾಗದಲ್ಲಿ ಕುಡಿತವನ್ನಿಡಿ, ಸಾಲವನ್ನಿಡಿ. ಮಾತು ಅದೇ ಇರುತ್ತದೆ: ‘ಎಲ್ಲ ನನ್ನ ಕಂಟ್ರೋಲ್‌ನಲ್ಲಿದೆ, ನೀವು ಸುಮ್ಮನಿರಿ.’ ಕೇಳಿದವರೂ ಸುಮ್ಮನಿರುತ್ತಾರೆ. ಸುಮ್ಮನಿರುವುದಕ್ಕೆ ನಾವು ಗೌರವವೆಂಬ ಹೆಸರು ಕೊಟ್ಟಿದ್ದೇವೆ.

ಆಸ್ಪತ್ರೆಯಿಂದ ಬಂದ ಮೇಲೆ ಅಣ್ಣ ಹೆಚ್ಚು ಮಾತನಾಡಲಿಲ್ಲ. ಒಂದು ವಾರ ಕಳೆದು, ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ಹರಿದು ಹೊಲಿಸಿ ಅತ್ತಿಗೆಯ ಕೈಗೆ ಕೊಟ್ಟ. ‘ನಾನು ಏನು ತಿಂದೆ ಎಂದು ನೀನು ಬರಿ. ನನ್ನನ್ನು ಕೇಳಿ ಬರೆಯಬೇಡ, ನೋಡಿ ಬರಿ’ ಎಂದ. ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರದ ಸಂಖ್ಯೆಯನ್ನು ಮಾತ್ರ ತಾನೇ ಬರೆಯುತ್ತಾನೆ, ಎದುರು ಪುಟದಲ್ಲಿ. ಬಿಟ್ಟುಬಂದ ಆ ತರುಣ ವೈದ್ಯರ ಬಳಿಗೇ ಈಗ ಇಬ್ಬರೂ ಪುಸ್ತಕ ಹಿಡಿದು ಹೋಗುತ್ತಾರೆ. ಕಳೆದ ಬಾರಿ 7.8 ಇತ್ತು. ವೈದ್ಯರು ಕಂಟ್ರೋಲ್ ಎಂಬ ಮಾತನ್ನೆತ್ತಲಿಲ್ಲವಂತೆ. ಪುಟಗಳನ್ನು ತಿರುವಿ ನೋಡಿ ‘ಮುಂದುವರಿಸಿ’ ಎಂದರಂತೆ.

ಆ ಪುಸ್ತಕವನ್ನು ಅತ್ತಿಗೆ ನನಗೂ ತೋರಿಸಿದರು. ಐದನೆಯ ತರಗತಿಗೆ ಶಾಲೆ ಬಿಟ್ಟವರು ಅವರು. ಅಕ್ಷರಗಳು ದೊಡ್ಡದಾಗಿ, ಒಂದಕ್ಕೊಂದು ಅಂಟದೆ ನಿಂತಿವೆ. ನಮ್ಮ ಚರ್ಚಿನ ಹಬ್ಬದ ದಿನದ ಸಾಲಿನಲ್ಲಿ ಹೀಗಿತ್ತು: ‘ಪಾಯಸ ಎರಡು ಲೋಟ. ಅವರು ಒಂದು ಅನ್ನುತ್ತಾರೆ.’